ಮುಕ್ಕಾಲು ಸುತ್ತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದ ಕೋಣೆಯಲ್ಲಿ, ವೀಲ್‌ಚೇರು, ಸ್ಟ್ರೆಚರು, ರೋಗಿಗಳ ಮಂಚಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬನಿದ್ದ. ಎಲ್ಲರೂ ಅವನನ್ನು ‘ಮೂರ್ಸಲ’ ಎಂದು ಕರೆಯುತ್ತಿದ್ದರು. ಯಾವ ಬೋಲ್ಟೇ ಆಗಲಿ, ಮೂರು ಸಲ ಬಿಗಿದು ನೋಡದೆ ಅವನು ಕೈಬಿಡುತ್ತಿರಲಿಲ್ಲ. ಕೂತು ಒಂದು ಸಲ, ನಿಂತು ಒಂದು ಸಲ, ಬಾಗಿಲವರೆಗೂ ಹೋಗಿ ಮನಸ್ಸು ತಡೆಯದೆ ವಾಪಸು ಬಂದು ಇನ್ನೊಂದು ಸಲ.

“ಮೂರ್ಸಲ ಮುಟ್ಟಿದ ಮಂಚ ಮುರಿಯೋದಿಲ್ಲ, ನಿಜ. ಆದರೆ ಈ ಜನ್ಮದಲ್ಲಿ ವಾರ್ಡಿಗೆ ವಾಪಸ್ಸೂ ಬರೋದಿಲ್ಲ” ಎಂದು ನರ್ಸುಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಗಾಲಿ ಸರಿಯಾಗಿದೆಯೇ ಎಂದು ತಿರುಗಿಸಿ ನೋಡುತ್ತಿದ್ದ. ಆದರೆ ಅದು ತಾನಾಗಿ ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ಅಂಗೈ ಒತ್ತಿ ತಟ್ಟನೆ ನಿಲ್ಲಿಸಿಬಿಡುತ್ತಿದ್ದ.

ಅವನಿಗೆ ಒಬ್ಬ ಅಣ್ಣನಿದ್ದ. ಒಡಹುಟ್ಟಿದವನಲ್ಲ, ದೊಡ್ಡಮ್ಮನ ಮಗ. ಒಂದೇ ಕಟ್ಟಡದ ಮೇಲಿನ ಮಹಡಿ, ಕೆಳಗಿನ ಮಹಡಿಯಲ್ಲಿ ಬೆಳೆದವರಿಗೆ ಆ ವ್ಯತ್ಯಾಸವೆಲ್ಲ ಎಲ್ಲಿ ಗೊತ್ತಾಗುತ್ತದೆ? ಅಣ್ಣ ಬೋರ್ಡು ಬರೆಯುವ ಪೇಂಟರ್. ಕೈಗೆ ಬಣ್ಣ ಅಂಟದ ದಿನಗಳಲ್ಲಿ ಕಸರತ್ತಿನ ಬಿಎಂಎಕ್ಸ್ ಸೈಕಲ್ಲಿನ ಮೇಲೆ ಗಿರಕಿ ಹೊಡೆಯುತ್ತಿದ್ದ. ಬೀದಿಯವರು ಅವನಿಗೆ ‘ಬುಗುರಿ’ ಎಂದು ಹೆಸರಿಟ್ಟಿದ್ದರು. ಓಡುತ್ತಿರುವ ಸೈಕಲ್ಲನ್ನು ತನ್ನ ಸಮೇತ ನೆಲದಿಂದ ಮೇಲೆತ್ತಿ, ಗಾಳಿಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ, ಹೊರಟ ದಿಕ್ಕಿಗೇ ಇಳಿಸುವುದು ಅವನಿಗೆ ಅದೇ ಕಸುಬು ಎನ್ನುವಷ್ಟು ಚೆನ್ನಾಗಿ ಬರುತ್ತಿತ್ತು. ಆ ಸೈಕಲ್ಲಿನ ಮೆಕ್ಯಾನಿಕ್ ತಮ್ಮ. ಆಗ ತಮ್ಮನಿಗೆ ಹತ್ತೊಂಬತ್ತು, ಅಣ್ಣನಿಗೆ ಇಪ್ಪತ್ತೆರಡು.

ಒಂದು ಭಾನುವಾರ ಬೆಳಿಗ್ಗೆ ಪಾಳು ಬಿದ್ದ ಗೋದಾಮಿನ ಅಂಗಳದಲ್ಲಿ ತಮ್ಮ ಬ್ರೇಕಿನ ವೈರು ಬದಲಿಸಿದ. ಅದಕ್ಕಾಗಿ ಹ್ಯಾಂಡಲ್ಲನ್ನು ಬಿಚ್ಚಿ ಮತ್ತೆ ಕೂರಿಸಬೇಕಾಯಿತು. ಅಣ್ಣ ಆಗಲೇ ಕಾಲು ಕುಣಿಸುತ್ತ ನಿಂತಿದ್ದ.

“ಆಯ್ತೇನೋ?”

“ಆಯ್ತು.”

ಅಣ್ಣ ಅಂಗಳದ ತುದಿಗೆ ಹೋಗಿ, ತಿರುಗಿ, ವೇಗ ಹಿಡಿದು ಬರುತ್ತಿರುವಾಗ ತಮ್ಮನ ಕಣ್ಣು ಕೈಯಲ್ಲಿದ್ದ ಕೀ ಮೇಲೆ ಬಿತ್ತು. ಹ್ಯಾಂಡಲ್ ಕಂಬದ ನೆತ್ತಿಯ ಬೋಲ್ಟಿಗೆ ಕೊನೆಯ ಆ ಕಾಲು ತಿರುವು ಕೊಟ್ಟೆನೇ? ಕೈಗೆ ನೆನಪಾಗಲಿಲ್ಲ. “ಅಣ್ಣಾ, ನಿಲ್ಲು!” ಎಂದು ಗಂಟಲು ಹರಿಯುವಂತೆ ಕೂಗಿದ. ಅಷ್ಟರಲ್ಲಿ ಅಣ್ಣ ನೆಲ ಬಿಟ್ಟಾಗಿತ್ತು. ಸೈಕಲ್ಲು ಅಡ್ಡಡ್ಡ ಬಂದು ನೆಲಕ್ಕೆ ಬಿತ್ತು. ಹ್ಯಾಂಡಲ್ ಪೂರ್ತಿ ಒಂದು ಪಕ್ಕಕ್ಕೆ ತಿರುಚಿಕೊಂಡಿತ್ತು. ಅಣ್ಣನ ತಲೆ ಅಂಗಳದ ಅಂಚುಕಲ್ಲಿಗೆ ಬಡಿದಿತ್ತು. ಹಿಂದಿನ ಗಾಲಿ ಮಾತ್ರ ಟಿಕ್ ಟಿಕ್ ಟಿಕ್ ಎಂದು ತಿರುಗುತ್ತಲೇ ಇತ್ತು. ತಮ್ಮ ಆ ಗಾಲಿಯನ್ನೇ ನೋಡುತ್ತ ನಿಂತ. ಅದು ನಿಂತ ಮೇಲೆಯೇ ಅವನ ಕಾಲು ಕದಲಿದ್ದು. ಎಷ್ಟು ಹೊತ್ತಾಯಿತೋ, ಇವತ್ತಿಗೂ ಅವನಿಗೆ ತಿಳಿಯದು.

ಅಣ್ಣ ಉಳಿಯಲಿಲ್ಲ. ಯಾಕೆ ಕೂಗಿದೆ ಎಂದು ಕೇಳಿದವರಿಗೆ, “ವೇಗ ಜಾಸ್ತಿ ಅನ್ನಿಸ್ತು” ಎಂದ. ಬೋಲ್ಟಿನ ಮಾತು ಎತ್ತಲಿಲ್ಲ. ದೊಡ್ಡಮ್ಮ ಅವನ ಎರಡೂ ಕೈ ಹಿಡಿದುಕೊಂಡು, “ನೀನಾದ್ರೂ ಕೂಗಿದೆಯಲ್ಲೋ. ಕೊನೇವರೆಗೂ ನಿನ್ನ ಕೈಲಾದ್ದು ಮಾಡಿದೆ” ಅಂದಳು. ಇಪ್ಪತ್ತೈದು ವರ್ಷಗಳಲ್ಲಿ ಆ ಮಾತನ್ನು ಅವಳು ಎಷ್ಟು ಸಲ ಹೇಳಿದಳೋ. ಅವನು ಪ್ರತಿ ಸಲವೂ ತಲೆ ತಗ್ಗಿಸುತ್ತಿದ್ದ. ಬೋಲ್ಟು ಅವನ ಪಾಪ, ಆ ಕೂಗು ಅವನ ಪುಣ್ಯ. ಈ ಎರಡನ್ನೂ ಹೊತ್ತುಕೊಂಡೇ ಅವನು ಕೆಲಸಕ್ಕೆ ಸೇರಿದ, ಮದುವೆಯಾದ, ತಲೆಯಲ್ಲಿ ನರೆ ಕಂಡ.

ದೊಡ್ಡಮ್ಮ ಛಾಪಖಾನೆಗಳಿಗೆ ಪ್ರೂಫ್ ತಿದ್ದುವವಳು. ಎಪ್ಪತ್ತೊಂದಾದರೂ ಕೆಂಪು ಪೆನ್ಸಿಲ್ ಕೆಳಗಿಟ್ಟಿರಲಿಲ್ಲ. ಮಂಡಿನೋವಿಗೆ ಮೆಟ್ಟಿಲು ಸಾಕಾಗಿ, ಅವಳು ಮೂರನೇ ಮಹಡಿಯಿಂದ ನೆಲಮಹಡಿಯ ಮನೆಗೆ ಬರುವುದೆಂದಾಯಿತು. ಸಾಮಾನು ಇಳಿಸಲು ಅವನೇ ಹೋದ. ಕೊನೆಯ ಕೋಣೆಯ ಬೀರುವಿನ ಹಿಂದೆ ಹಳೆಯ ಚಾದರ ಹೊದ್ದು ಸೈಕಲ್ಲು ನಿಂತಿತ್ತು. ಹ್ಯಾಂಡಲ್ ಅಂದು ತಿರುಚಿದಂತೆಯೇ ಇತ್ತು.

“ಇದನ್ನ ತಗೊಂಡು ಹೋಗು,” ಅಂದಳು ದೊಡ್ಡಮ್ಮ. “ಗುಜರಿಗೆ ಹಾಕೋಕೆ ನನ್ನ ಕೈಲಾಗಲ್ಲ. ಇಟ್ಕೊಳ್ಳೋಕೂ ಅಲ್ಲಿ ಜಾಗ ಇಲ್ಲ. ನೀನು ಏನು ಮಾಡ್ತೀಯೋ ನನಗೆ ಹೇಳಬೇಡ.”

ಅವನು ಅದನ್ನು ಆಸ್ಪತ್ರೆಯ ನೆಲಮಾಳಿಗೆಗೆ ತಂದ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ಅಲೆನ್ ಕೀ ಹಿಡಿದು ಆ ಬೋಲ್ಟಿನ ಮುಂದೆ ಕೂತ. ಕೀ ಮಿಸುಕಲಿಲ್ಲ. ತುಕ್ಕು ಹಿಡಿದು ಬೋಲ್ಟು, ಕಂಬ ಎರಡೂ ಒಂದೇ ಕಬ್ಬಿಣವಾಗಿಬಿಟ್ಟಿದ್ದವು. ಅಂದು ಸಡಿಲವಿತ್ತೋ ಬಿಗಿಯಾಗಿತ್ತೋ, ಹೇಳುವವರು ಯಾರೂ ಉಳಿದಿರಲಿಲ್ಲ. ಮೂರು ದಿನ ಎಣ್ಣೆ ಬಿಟ್ಟ. ನಾಲ್ಕನೆಯ ದಿನ ಬೋಲ್ಟು ಲಟಕ್ಕೆಂದು ಬಿಟ್ಟುಕೊಂಡಾಗ ಅವನ ಮೈ ಬೆವರಿತ್ತು.

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಬಂದವಳು ಫಿಸಿಯೋಥೆರಪಿ ವಿಭಾಗದ ಮೇಡಂ. ಮೂವತ್ತೆರಡರ ಹೆಂಗಸು, ಬಲಮೊಣಕೈಯಲ್ಲಿ ಉದ್ದನೆಯ ಹೊಲಿಗೆಯ ಗುರುತು. ಊರುಗೋಲಿನ ರಬ್ಬರು ಕೇಳಲು ಬಂದವಳು ಸೈಕಲ್ಲು ನೋಡಿ ನಿಂತೇಬಿಟ್ಟಳು.

“ಏನ್ರೀ ಮೂರ್ಸಲ, ಇದು ನಿಮ್ಮದಾ? ಈ ಮಾಡೆಲ್ ನೋಡಿ ಎಷ್ಟು ವರ್ಷ ಆಯ್ತು!”

ಕಾಲೇಜು ದಿನಗಳಲ್ಲಿ ಅವಳೂ ಗಿರಕಿ ಹೊಡೆದವಳೇ. ಮೊಣಕೈಯ ಹೊಲಿಗೆ ಅದರ ಕಾಣಿಕೆ. ತಿರುಚಿದ ಹ್ಯಾಂಡಲ್ ಮುಟ್ಟಿ, “ಅಡ್ಡ ಇಳಿದಿದ್ದಾರೆ ಪಾಪ. ಅಡ್ಡ ಇಳಿದರೆ ಎಷ್ಟು ಬಿಗಿ ಮಾಡಿದ್ರೂ ಇದು ತಿರುಗುತ್ತೆ” ಎಂದಳು.

ಅವನು ಕೀ ಕೆಳಗಿಟ್ಟ. “ಬಿಗಿ ಮಾಡಿದ್ರೂನಾ?”

“ಬಿಗಿ ಮಾಡಿದ್ರೂ.”

“ಖಾತ್ರಿಯಾಗಿ ಹೇಳ್ತೀರಾ?”

“ಅಲ್ಲಾ, ನಾನೇನು ಕೋರ್ಟಲ್ಲಿ ಸಾಕ್ಷಿ ಹೇಳ್ತಿದ್ದೀನಾ? ಒಂದೊಂದು ಸಲ ತಿರುಗುತ್ತೆ, ಒಂದೊಂದು ಸಲ ಇಲ್ಲ.”

ಆ ‘ಒಂದೊಂದು ಸಲ’ ಅವನನ್ನು ರಾತ್ರಿಯಿಡೀ ಕೊರೆಯಿತು. ಮರುದಿನ ಅವನೇ ಹುಡುಕಿಕೊಂಡು ಅವಳ ವಿಭಾಗಕ್ಕೆ ಹೋದ. ಗೋಡೆಯ ಕಂಬಿ ಹಿಡಿದು ನಡೆಯಲು ಕಲಿಯುತ್ತಿದ್ದ ಮುದುಕರ ನಡುವೆ ನಿಂತು, “ಮೇಡಂ, ನನಗೆ ಆ ಪೂರ್ತಿ ಸುತ್ತು ಕಲಿಸ್ತೀರಾ?” ಎಂದು ಕೇಳಿದ.

“ನಿಮಗೆ ವಯಸ್ಸೆಷ್ಟು?”

“ನಲವತ್ತನಾಲ್ಕು.”

“ಮೂಳೆ ಮುರಿದ್ರೆ ಮತ್ತೆ ನನ್ನ ಹತ್ತಿರಾನೇ ಬರಬೇಕಾಗುತ್ತೆ, ನೆನಪಿರಲಿ” ಎಂದಳು. ಅವನ ಮುಖ ನೋಡಿ ಅವಳ ನಗು ಇಳಿಯಿತು. “ಸರಿ, ಭಾನುವಾರ ಬನ್ನಿ. ಹೆಲ್ಮೆಟ್ ಇಲ್ದೆ ಬಂದ್ರೆ ಬಾಗಿಲಿಂದಲೇ ವಾಪಸ್.”

ಅವನಿಗೆ ಗಿರಕಿ ಬೇಕಿರಲಿಲ್ಲ. ಅಣ್ಣ ಬಿದ್ದಂತೆಯೇ ಒಂದು ಸಲ ಬೀಳಬೇಕಿತ್ತು. ತನ್ನ ಕೈಯಾರೆ ಬಿಗಿದ ಬೋಲ್ಟಿನ ಮೇಲೆ.

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ವಿಭಾಗದ ಹಿಂದಿನ ಅಂಗಳ ಖಾಲಿ ಇರುತ್ತಿತ್ತು. ನುಣುಪು ಸಿಮೆಂಟು ನೆಲ, ಒಂದು ಪಕ್ಕ ಬಿಳಿ ಗೋಡೆ, ಸಾಬೂನಿನ ವಾಸನೆ. ಮೊದಲ ತಿಂಗಳು ಮೇಡಂ ಅವನನ್ನು ಸೈಕಲ್ ಹತ್ತಲೇ ಬಿಡಲಿಲ್ಲ. ನೆಲದ ಮೇಲೆ ನಿಂತು ಜಿಗಿದು ತಿರುಗುವುದನ್ನು ಕಲಿಸಿದಳು.

“ಮೊದಲು ತಲೆ. ತಲೆ ಹಿಂದೆ ಭುಜ, ಭುಜದ ಹಿಂದೆ ಸೊಂಟ. ಸೈಕಲ್ಲು ಪಾಪ, ಎಲ್ಲರ ಹಿಂದೆ ಬರುತ್ತೆ. ಕಣ್ಣು ಎಲ್ಲಿ ಹೋಗುತ್ತೋ ಗಾಲಿ ಅಲ್ಲಿಗೆ. ಕಣ್ಣು ನಿಂತರೆ ಎಲ್ಲಾ ನಿಂತ ಹಾಗೆ.”

ಆಮೇಲೆ ಸೈಕಲ್ಲನ್ನು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ತರುವುದು, ಮುಂದಿನ ಗಾಲಿ ಎತ್ತುವುದು, ಎರಡೂ ಗಾಲಿ ಎತ್ತುವುದು. ಐದನೆಯ ತಿಂಗಳಲ್ಲಿ ಅರ್ಧ ಸುತ್ತು ಬಂತು. ಅರ್ಧ ಸುತ್ತಿನಲ್ಲಿ ಇಳಿದರೆ ಸೈಕಲ್ಲು ಹಿಮ್ಮುಖವಾಗಿ ಓಡುತ್ತದೆ, ಪೆಡಲೂ ಹಿಂದಕ್ಕೆ ತಿರುಗುತ್ತದೆ. ಕಾಲು ಅದರ ಜೊತೆ ಹೋಗದಿದ್ದರೆ ಪೆಡಲಿನ ಹಲ್ಲು ಮೊಳಕಾಲಿಗೆ. ಅವನ ಕಾಲುಗಳು ನೀಲಿ, ಹಸಿರು, ಹಳದಿಯಾದವು. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರ್, ನಲವತ್ತು ಮಕ್ಕಳನ್ನು ಒಂದೇ ಕೂಗಿಗೆ ಸಾಲಾಗಿ ನಿಲ್ಲಿಸುವ ಗಂಟಲು ಅವಳದು. “ಈ ವಯಸ್ಸಲ್ಲಿ ಜನಕ್ಕೆ ಸಕ್ಕರೆ ಕಾಯಿಲೆ ಬರುತ್ತೆ, ನಿಮಗೆ ಸೈಕಲ್ ಕಾಯಿಲೆ ಬಂತು” ಎಂದು ಮುಲಾಮು ಹಚ್ಚುತ್ತಿದ್ದಳು.

ಅರ್ಧ ಸುತ್ತು ದಾಟಲು ಶುರು ಮಾಡಿದ ಮೇಲೆ ಅವನಿಗೆ ಒಂದು ಸಂಗತಿ ಕಾಣತೊಡಗಿತು. ಗಾಳಿಯಲ್ಲಿ ತಿರುಗುವಾಗ ಅಂಗಳವೆಲ್ಲ ಕಣ್ಣ ಮುಂದೆ ಬಳಿದಂತಾಗಿ ಹೋಗುತ್ತದೆ: ಬಾಗಿಲು, ನೀರಿನ ಪೈಪು, ಬುಟ್ಟಿಗಳ ರಾಶಿ. ಮುಕ್ಕಾಲು ಸುತ್ತಿನ ಹತ್ತಿರ ಬಿಳಿ ಗೋಡೆ ಬರುತ್ತದೆ. ಆ ಗೋಡೆಯ ಮುಂದೆ ಯಾರೋ ನಿಂತಿರುತ್ತಿದ್ದರು. ಇಳಿದು ತಿರುಗಿ ನೋಡಿದರೆ ಬರೀ ಗೋಡೆ. ಮತ್ತೆ ಹಾರಿದರೆ ಮತ್ತೆ ಅಲ್ಲೇ. ಮೊದಮೊದಲು ಅಣ್ಣ ಎಂದುಕೊಂಡ. ಕೆಲವು ವಾರ ಕಳೆದ ಮೇಲೆ ಬಟ್ಟೆಯ ಗುರುತು ಹತ್ತಿತು. ಗ್ರೀಸು ಮೆತ್ತಿದ ತೋಳಿನ ಆ ಅಂಗಿ ಅಣ್ಣನದಲ್ಲ, ತನ್ನದೇ. ಬಾಯಿ ಅರ್ಧ ತೆರೆದು ನಿಂತಿದ್ದ ಆ ಹತ್ತೊಂಬತ್ತರ ಹುಡುಗ ತಾನೇ.

ಎಂಟನೆಯ ತಿಂಗಳು ಅವನು ಹೊಸ ಬೋಲ್ಟು ಹಾಕಿ, ಕೂತು, ನಿಂತು, ಅಂಗಳದ ಬಾಗಿಲವರೆಗೆ ಹೋಗಿ ಬಂದು, ಮೂರು ಸಲ ಬಿಗಿದ. ಮೇಡಂಗೂ ಮುಟ್ಟಿ ನೋಡಲು ಹೇಳಿದ. ಆಮೇಲೆ ಹಾರಿದ. ಮುಕ್ಕಾಲು ಸುತ್ತಿಗೆ ಕಣ್ಣು ಗೋಡೆಗೆ ಅಂಟಿತು, ಸೈಕಲ್ಲು ಅಡ್ಡ ಬಂದು ಬಿತ್ತು. ಭುಜ ನೆಲಕ್ಕೆ ಬಡಿಯಿತು. ಎದ್ದು ಕೂತು ಮೊದಲು ನೋಡಿದ್ದೇ ಹ್ಯಾಂಡಲ್. ಅದು ಪೂರ್ತಿ ಒಂದು ಪಕ್ಕಕ್ಕೆ ತಿರುಚಿಕೊಂಡಿತ್ತು, ಅಂದಿನಂತೆಯೇ. ಬೋಲ್ಟಿಗೆ ಕೀ ಹಾಕಿದ. ಬಿಗಿಯಾಗಿತ್ತು.

ಅವನು ನೆಲದ ಮೇಲೆ ಕೂತೇ ನಗತೊಡಗಿದ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಮೇಡಂ ಏನೂ ಕೇಳದೆ ಪಕ್ಕದಲ್ಲಿ ಕೂತು ಅವನ ಭುಜದ ಮೂಳೆ ಒತ್ತಿ ನೋಡಿದಳು.

ಆ ದಿನ ಮಧ್ಯಾಹ್ನ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಕೇಳದಿದ್ದ ಮಾತು. ಬೋಲ್ಟು, ಕಾಲು ತಿರುವು, ಸುಳ್ಳು ಹೇಳಿದ್ದು. ಅವಳು ಮುಲಾಮಿನ ಡಬ್ಬಿ ಮುಚ್ಚಿಟ್ಟು, “ಇದನ್ನ ಹೊಟ್ಟೇಲಿಟ್ಕೊಂಡು ನನ್ನ ಪಕ್ಕ ಮಲಗ್ತಿದ್ರಾ ಇಷ್ಟು ದಿನ?” ಅಂದಳು. ಆ ವಾರ ಅವನು ಕಲ್ಲಿನಂತೆ ನಿದ್ದೆ ಮಾಡಿದ. ವಾರ್ಡಿಗೆ ಒಂದು ಮಂಚವನ್ನು ಎರಡೇ ಸಲ ನೋಡಿ ಕಳಿಸಿದ. ನರ್ಸುಗಳು ಗಾಬರಿಯಾಗಿ, ಮೈಯಲ್ಲಿ ಹುಷಾರಿದೆಯಾ ಎಂದು ವಿಚಾರಿಸಿದರು.

ಮುಗಿಯಿತು ಎಂದುಕೊಂಡರೂ ಅವನು ಭಾನುವಾರ ಬಿಡಲಿಲ್ಲ. ಭುಜ ವಾಸಿಯಾದ ಮೇಲೆ ಮತ್ತೆ ಹೋದ. ಹನ್ನೊಂದನೆಯ ತಿಂಗಳಲ್ಲಿ ಪೂರ್ತಿ ಸುತ್ತು ಬಂತು. ಗೋಡೆ ಬಂದಾಗ ಆ ಹುಡುಗನನ್ನು ನೋಡಿಯೂ ನೋಡದಂತೆ ಕಣ್ಣನ್ನು ಮುಂದಕ್ಕೆ ಎಳೆದುಕೊಳ್ಳುವುದನ್ನು ಅವನು ಕಲಿತಿದ್ದ. ಹತ್ತು ಸಲ ಹಾರಿದರೆ ಏಳು ಸಲ ಸರಿಯಾಗಿ ಇಳಿಯುತ್ತಿದ್ದ.

“ನಾನೂ ನೋಡಬೇಕು” ಎಂದು ಹೆಂಡತಿ ಹಟ ಹಿಡಿದಳು. ಒಂದು ಭಾನುವಾರ ಅವಳು ಬಿಳಿ ಗೋಡೆಗೆ ಒರಗಿ ನಿಂತಳು. ಅವನು ಅಂಗಳದ ತುದಿಯಿಂದ ಬಾಗಿ ಬಂದು, ಎತ್ತಿ, ತಿರುಗಿದ. ಗಂಡನ ಸೈಕಲ್ಲಿನ ಎರಡು ಗಾಲಿಯೂ ನೆಲ ಬಿಟ್ಟು ಗಾಳಿಯಲ್ಲಿರುವುದನ್ನು ಕಂಡು ಅವಳಿಗೆ ಜೀವ ಬಾಯಿಗೆ ಬಂತು.

“ರೀ, ಹುಷಾರು!”

ಅವನ ತಲೆ ಆ ದನಿಯತ್ತ ಹೋಯಿತು, ಅಲ್ಲೇ ನಿಂತಿತು. ಸೈಕಲ್ಲು ಅಡ್ಡ ಬಂತು.

ಪೆಟ್ಟೇನೂ ಹೆಚ್ಚಾಗಿರಲಿಲ್ಲ. ಹೆಲ್ಮೆಟ್ಟಿಗೆ ಒಂದು ಗೀರು, ಅಷ್ಟೇ. ಆದರೆ ಅವನು ಏಳಲಿಲ್ಲ. ಹೆಂಡತಿ ಓಡಿ ಬಂದು, “ತಪ್ಪಾಯ್ತು ಕಣ್ರೀ, ಬಾಯಿ ತಡೀಲಿಲ್ಲ” ಎನ್ನುತ್ತಿದ್ದಳು. ಮೇಡಂ ಅವಳಿಗೆ ಮೆಲ್ಲಗೆ ಹೇಳುತ್ತಿದ್ದಳು: “ಗಿರಕಿ ಹೊಡೆಯುವಾಗ ಕೂಗಬಾರದಮ್ಮ. ಯಾರು ಕರೆದ್ರೂ ತಲೆ ಅವರ ಕಡೆ ತಿರುಗಿ ನಿಂತುಬಿಡುತ್ತೆ. ಮೊದಲ ದಿನವೇ ಹೇಳಿಕೊಡೋ ಪಾಠ ಅದು, ನಾನು ನಿಮಗೆ ಹೇಳೋದು ಮರೆತೆ.” ಅವನಿಗೆ ಇಬ್ಬರ ಮಾತೂ ದೂರದಿಂದ ಬಂದಂತಿತ್ತು. ಗೋದಾಮಿನ ಅಂಗಳದಲ್ಲಿ ತಾನು ನಿಂತಿದ್ದ ಜಾಗ ಅವನಿಗೆ ಸ್ಪಷ್ಟವಾಗಿ ನೆನಪಾಯಿತು. ಅಣ್ಣ ಹಾರಿದ ಬಿಂದುವಿನಿಂದ ಲೆಕ್ಕ ಹಾಕಿದರೆ, ಅದು ಸರಿಯಾಗಿ ಮುಕ್ಕಾಲು ಸುತ್ತಿನ ಎದುರಿಗಿತ್ತು. ಪಾಪ ಎಂದುಕೊಂಡದ್ದು ಪಾಪವಾಗಿರಲಿಲ್ಲ. ಪುಣ್ಯವೆಂದು ಇಪ್ಪತ್ತೈದು ವರ್ಷ ಎದೆಗೊತ್ತಿಕೊಂಡದ್ದೇ...

ಅವನು ಕಣ್ಣು ಮುಚ್ಚಿಕೊಂಡ.

ಮೂರು ವಾರ ಅವನು ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. ವಾರ್ಡಿನಲ್ಲಿ ಯಾರಾದರೂ ಯಾರನ್ನಾದರೂ ಜೋರಾಗಿ ಕರೆದರೆ ಕೈಯಲ್ಲಿದ್ದದ್ದು ಜಾರುತ್ತಿತ್ತು. ಹೆಂಡತಿಯೇ ಕೊನೆಗೆ, “ನನಗೆ ಹೇಳಿದ್ರಿ. ಹೇಳಬೇಕಾದವರಿಗೆ ಹೇಳಿಲ್ಲ” ಎಂದಳು.

ದೊಡ್ಡಮ್ಮ ಹೊಸ ಮನೆಯ ಕಿಟಕಿಯ ಬಳಿ ಪ್ರೂಫ್ ತಿದ್ದುತ್ತಿದ್ದಳು. ಅವನು ನಿಂತೇ ಹೇಳಿದ. ಬೋಲ್ಟಿನ ಅನುಮಾನ, ಸುಳ್ಳು, ಕೂಗು, ಕೂಗಿದರೆ ಏನಾಗುತ್ತದೆ ಎಂಬುದು. ಅವಳು ಪೆನ್ಸಿಲ್ಲನ್ನು ಹಾಳೆಯ ಮೇಲೆ ಅಡ್ಡ ಇಟ್ಟಳು. ಹೊರಗೆ ಯಾರದೋ ಬಾಗಿಲು ಹಾಕಿದ ಸದ್ದಾಯಿತು.

“ಮನೆಗೆ ಹೋಗು” ಅಂದಳು.

“ದೊಡ್ಡಮ್ಮ...”

“ಹೋಗು ಅಂದೆನಲ್ಲ.”

ಹತ್ತೊಂಬತ್ತು ದಿನ ಅವಳಿಂದ ಒಂದು ಮಾತೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಇಪ್ಪತ್ತನೆಯ ದಿನ ಭಾನುವಾರ. ಅವನು ಅಂಗಳದಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಸುಮ್ಮನೆ ಕೂತಿದ್ದ. ದೊಡ್ಡಮ್ಮ ಅವನ ಹೆಂಡತಿಯ ತೋಳು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಅವನು ಗಾಬರಿಯಿಂದ ಒಂದು ವೀಲ್‌ಚೇರು ತಳ್ಳಿಕೊಂಡು ಬಂದ.

“ತೆಗಿ ಅದನ್ನ. ನಾನಿನ್ನೂ ಆ ಸ್ಥಿತಿಗೆ ಬಂದಿಲ್ಲ” ಎಂದು ಅವಳು ಬಟ್ಟೆ ಬುಟ್ಟಿಯನ್ನು ಬೋರಲು ಹಾಕಿಸಿ ಅದರ ಮೇಲೆ ಕೂತಳು. ಉಸಿರು ಸುಧಾರಿಸಿಕೊಂಡು ಹೇಳಿದಳು: “ಅವನು ಇದನ್ನ ಮಾಡೋದನ್ನ ನಾನು ಒಂದು ಸಲವೂ ನೋಡಿಲ್ಲ, ಗೊತ್ತಾ? ‘ಬಾ ಅಮ್ಮ, ಬಾ ಅಮ್ಮ’ ಅಂತ ಎಷ್ಟು ಕರೀತಿದ್ದ. ನೋಡಿದ್ರೆ ಕೂಗಿಬಿಡ್ತೀನಿ ಅನ್ನೋ ಭಯಕ್ಕೆ ನಾನು ಹೋಗಲಿಲ್ಲ.” ಸ್ವಲ್ಪ ತಡೆದಳು. “ನಿನ್ನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅಲ್ಲಿ ನಾನಿದ್ರೂ ಅದೇ ಮಾಡ್ತಿದ್ದೆ. ಅದನ್ನೂ ಹೇಳಬೇಕಲ್ಲ. ಮಾಡು, ನೋಡೋಣ.”

ಅವನು ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹತ್ತಿದ. ಬಾಗಿಲ ಬಳಿ ನಿಂತಿದ್ದ ಮೇಡಂ ಕಣ್ಣಲ್ಲೇ ಧೈರ್ಯ ಹೇಳಿದಳು. ಅವನು ಬಾಗಿ ಬಂದು, ಎತ್ತಿ, ತಿರುಗಿ, ಇಳಿದ. ದೊಡ್ಡಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಮುಗೀತಾ?” ಎಂದು ಬೆರಳ ಸಂದಿಯಿಂದ ಕೇಳಿದಳು.

“ಮುಗೀತು ದೊಡ್ಡಮ್ಮ.”

“ಇಷ್ಟೇನಾ?” ಅವಳ ಕೈಗಳು ಮಡಿಲಿಗೆ ಇಳಿದವು. “ನಾನು ಇದು ಬಹಳ ಹೊತ್ತು ಅಂದ್ಕೊಂಡಿದ್ದೆ ಕಣೋ. ಅವನು ಮೇಲೆ ತುಂಬಾ ಹೊತ್ತು ಇದ್ದ, ಬೀಳ್ತೀನಿ ಅಂತ ಅವನಿಗೆ ಗೊತ್ತಾಗ್ತಿತ್ತು, ಹೆದರಿಕೊಂಡೇ ಕೆಳಗೆ ಬಂದ ಅಂತ ದಿನಾ ಅಂದ್ಕೋತಿದ್ದೆ. ಇದರಲ್ಲಿ ಹೆದರೋಷ್ಟು ಹೊತ್ತೇ ಇಲ್ಲವಲ್ಲ.”

“ಇಲ್ಲ ದೊಡ್ಡಮ್ಮ. ಹೊತ್ತೇ ಇಲ್ಲ.”

ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಇನ್ನೊಂದು ಸಲ ಮಾಡು ಎಂದಳು. ಮಾಡಿದ. ಅಕ್ಷರ ಅಕ್ಷರ ನೋಡಿ ತಪ್ಪು ಹಿಡಿಯುವ ಕಣ್ಣು ಅವಳದು. “ಆ ಗೋಡೆ ಹತ್ತಿರ ಬಂದಾಗ ನಿನ್ನ ಮುಖ ಬೇರೆ ಆಗುತ್ತೆ. ಅಲ್ಲೇನಿದೆ?”

ಅವನು ಸೈಕಲ್ಲಿನಿಂದ ಇಳಿದ. “ಒಬ್ಬ ನಿಂತಿರ್ತಾನೆ.”

“ಅವನಾ?” ದೊಡ್ಡಮ್ಮ ಗೋಡೆಯತ್ತ ತಿರುಗಿದಳು.

“ಅಲ್ಲ. ನಾನೇ. ಆಗಿನ ನಾನು.”

ಅವಳು ಮಂಡಿ ಹಿಡಿದುಕೊಂಡು ಎದ್ದಳು. ಯಾರ ತೋಳನ್ನೂ ಕೇಳದೆ ಗೋಡೆಯವರೆಗೆ ನಡೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು. “ಇಲ್ಲೇನಾ? ಈ ಕಡೆ ಸರೀಲಾ?”

“ಅಲ್ಲೇ.”

“ಈಗ ಮಾಡು.”

ಅವನು ಅಂಗಳದ ತುದಿಯಿಂದ ಹೊರಟ. ನೆಲ ಬಿಟ್ಟಿತು. ಬಾಗಿಲು ಹೋಯಿತು, ಪೈಪು ಹೋಯಿತು, ಬುಟ್ಟಿಗಳು ಹೋದವು. ಬಿಳಿ ಗೋಡೆ ಬಂತು. ದೊಡ್ಡಮ್ಮ ಬಾಯಿಗೆ ಕೈಯೊತ್ತಿ, ಕಣ್ಣು ಅಗಲಿಸಿ ನಿಂತಿದ್ದಳು. ಅವಳ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ, ಗ್ರೀಸಿನ ತೋಳಿನ ಆ ಹುಡುಗನೂ ಇದ್ದ. ಇಬ್ಬರೂ ಕೂಗಲಿಲ್ಲ. ಎರಡೂ ಗಾಲಿಗಳು ನೆಲ ಮುಟ್ಟಿದವು.

“ಸಾಕು, ನಡೀರಿ,” ಎಂದಳು ದೊಡ್ಡಮ್ಮ ಗೋಡೆ ಬಿಟ್ಟು ಬರುತ್ತ. “ನಾಳೆ ಬೆಳಿಗ್ಗೆ ಪ್ರೂಫ್ ಕೊಡಬೇಕು, ಇನ್ನೂ ನಲವತ್ತು ಪುಟ ಬಾಕಿ ಇದೆ.”